ಡೆವಲಪ್ ಆಗದೆ ಉಳಿದ ರೋಲುಗಳು: ಮನೆಯ ಡಾರ್ಕ್‌ರೂಮಿಗೆ ಒಂದು ದೋಷ ನಿವಾರಣೆ ಕೈಪಿಡಿ

ವರ್ಷಗಟ್ಟಲೆ ಡಬ್ಬಿಯಲ್ಲಿ ಕೂಡಿಬಿದ್ದ ಫಿಲ್ಮ್ ರೋಲುಗಳನ್ನು ಒಂದೇ ಬಿಡುವಿನಲ್ಲಿ ಮುಗಿಸಿಬಿಡಬೇಕೆಂದು ಕೂರುವವರಿಗೆ ಎದುರಾಗುವ ಅಪಾಯ, ಆಗಾಗ ಒಂದೊಂದು ರೋಲು ಡೆವಲಪ್ ಮಾಡುವವರಿಗೆ ಎದುರಾಗುವುದಿಲ್ಲ. ಅವರ ಡೆವಲಪರ್ (ಫಿಲ್ಮಿನಲ್ಲಿ ಅಡಗಿದ ಚಿತ್ರವನ್ನು ಮೂಡಿಸುವ ದ್ರಾವಣ) ಕೆಟ್ಟಿದ್ದರೆ ಕೆಡುವುದು ಒಂದು ರೋಲು. ಸಾಲಾಗಿ ಎಂಟು ಹತ್ತು ರೋಲುಗಳನ್ನು ಬೆಳಕು ತೂರದ ಡೆವಲಪಿಂಗ್ ಟ್ಯಾಂಕಿಗೆ ಹಾಕುವವರು ದೋಷವನ್ನು ಗಮನಿಸುವಷ್ಟರಲ್ಲಿ ಅದು ಎಲ್ಲ ರೋಲುಗಳನ್ನೂ ಮುಟ್ಟಿರುತ್ತದೆ. ಆದ್ದರಿಂದ ಇಲ್ಲಿ ಹೇಳುವ ಎಲ್ಲ ಪರೀಕ್ಷೆಗಳಿಗೂ ಆಧಾರವಾದ ನಿಯಮ ಒಂದೇ: ಒಂದು ಬಗೆಯ ಫಿಲ್ಮಿನ ಮೊದಲ ರೋಲನ್ನು ಫಿಕ್ಸ್ ಮಾಡಿ (ಎಂದರೆ ಉಳಿದ ಬೆಳ್ಳಿಯ ಲವಣವನ್ನು ಹೈಪೊ ದ್ರಾವಣದಲ್ಲಿ ಕರಗಿಸಿ), ತೊಳೆದು, ಬೆಳಕಿಗೆ ಹಿಡಿದು ಓದುವವರೆಗೆ ಎರಡನೆಯದನ್ನು ತೆರೆಯಬಾರದು.

ಓದುವುದೆಂದರೆ ಮೊದಲು ಅಂಚನ್ನು ಓದುವುದು. ಫಿಲ್ಮಿನ ಅಂಚಿನಲ್ಲಿ ಕಾಣುವ ಹೆಸರು ಮತ್ತು ಚೌಕಟ್ಟಿನ ಸಂಖ್ಯೆಗಳನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಮೂಡಿಸಿರುತ್ತಾರೆ. ಅವಕ್ಕೂ ನಿಮ್ಮ ಕ್ಯಾಮೆರಾಗೂ ಸಂಬಂಧವಿಲ್ಲ, ಆದರೆ ಡೆವಲಪ್ ಆಗದೆ ಅವು ಕಾಣಿಸಿಕೊಳ್ಳುವುದಿಲ್ಲ. ಹೀಗಾಗಿ ತಪ್ಪು, ಚಿತ್ರ ತೆಗೆಯುವಾಗ ಆದದ್ದೋ ಡಾರ್ಕ್‌ರೂಮಿನಲ್ಲಿ ಆದದ್ದೋ ಎಂಬುದಕ್ಕೆ ಅಂಚಿಗಿಂತ ನಂಬಿಕಸ್ಥ ಸಾಕ್ಷಿ ಇಲ್ಲ.

ಈ ಕೈಪಿಡಿ ಕಪ್ಪು-ಬಿಳುಪು ಫಿಲ್ಮನ್ನು ಕುರಿತದ್ದು. ಬಣ್ಣದ ರೋಲುಗಳನ್ನು ಬೇರ್ಪಡಿಸುವ ವಿಷಯವಷ್ಟೇ ಇಲ್ಲಿ ಬರುತ್ತದೆ.

ಕೈ ಹಚ್ಚುವ ಮುನ್ನ: ಎಚ್ಚರಿಕೆಗಳು

ಡೆವಲಪರಿನಲ್ಲಿರುವ ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಮತ್ತು ಒಮ್ಮೆ ಅಲರ್ಜಿ ಶುರುವಾದರೆ ಅದು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಕೈಗವಸು ಹಾಕಿಕೊಂಡೇ ಕೆಲಸ ಮಾಡಿ; ಬೆರಳ ಸಂದುಗಳಲ್ಲಿ ತುರಿಕೆ ಅಥವಾ ಕೆಂಪು ಗುಳ್ಳೆ ಕಂಡರೆ ಕೆಲಸ ನಿಲ್ಲಿಸಿ ಚರ್ಮದ ವೈದ್ಯರಿಗೆ ತೋರಿಸಿ. ಪುಡಿಗಳನ್ನು ಕರಗಿಸುವಾಗ ಮಾಸ್ಕ್ ಧರಿಸಬೇಕು. ಸ್ಟಾಪ್ ಬಾತ್ (ಡೆವಲಪರಿನ ಕೆಲಸವನ್ನು ನಿಲ್ಲಿಸುವ ದ್ರಾವಣ) ಮಾಡಲು ಬಳಸುವ ಗ್ಲೇಷಿಯಲ್ ಅಸಿಟಿಕ್ ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕೆ ಸುರಿಯಬಾರದು. ಕಣ್ಣಿಗೆ ಹಾರಿದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು.

ಸ್ನಾನದ ಮನೆಯೇ ಡಾರ್ಕ್‌ರೂಮ್ ಆಗಿರುವ ಮನೆಗಳಲ್ಲಿ ಇನ್ನೂ ಎರಡು ಅಪಾಯಗಳಿವೆ. ನೆಲ ತೊಳೆಯುವ ಬ್ಲೀಚಿಂಗ್ ದ್ರಾವಣವು ಆಮ್ಲದೊಂದಿಗೆ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ, ಆದ್ದರಿಂದ ಅದು ಆ ಕೋಣೆಯಲ್ಲೇ ಇರಬಾರದು. ಎರಡನೆಯದು ಇದಕ್ಕಿಂತ ಭೀಕರವಾದದ್ದು: ಖಾಲಿ ತಂಪು ಪಾನೀಯದ ಬಾಟಲಿಯಲ್ಲಿ ರಾಸಾಯನಿಕ ತುಂಬಿಡುವ ಅಭ್ಯಾಸ. ಮಕ್ಕಳಿರಲಿ ಇಲ್ಲದಿರಲಿ, ಇದನ್ನು ಯಾವ ಕಾರಣಕ್ಕೂ ಮಾಡಬೇಡಿ. ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗದೆ 108ಕ್ಕೆ ಕರೆ ಮಾಡಿ, ರಾಸಾಯನಿಕದ ಪೊಟ್ಟಣವನ್ನೂ ಆಸ್ಪತ್ರೆಗೆ ಕೊಂಡೊಯ್ಯಿರಿ.

ರಾಶಿಯಲ್ಲಿ ಯಾವುದು ಏನೆಂದು ತಿಳಿಯುತ್ತಿಲ್ಲ

ಖರ್ಚಿಲ್ಲದ ಮೊದಲ ಪರೀಕ್ಷೆ ಎಂದರೆ ಡಬ್ಬಿಯ ಮೇಲಿನ ಅಕ್ಷರಗಳನ್ನು ಓದುವುದು. ಸಿ-41 ಎಂದಿದ್ದರೆ ಅದು ಬಣ್ಣದ ನೆಗೆಟಿವ್, ಇ-6 ಎಂದಿದ್ದರೆ ಸ್ಲೈಡ್. ಕಪ್ಪು-ಬಿಳುಪು ಎಂದು ಬರೆದಿದ್ದರೂ ಇಲ್ಫರ್ಡ್ ಎಕ್ಸ್‌ಪಿ2 ಸಿ-41 ರಸಾಯನಕ್ಕೇ ಸೇರಿದ್ದು. 1972ಕ್ಕಿಂತ ಹಿಂದಿನ ಕೊಡಾಕಲರ್ ರೋಲುಗಳ ಮೇಲೆ ಸಿ-22 ಎಂದಿರುತ್ತದೆ. ಅದರ ಎಮಲ್ಷನ್ (ಚಿತ್ರ ಮೂಡುವ ಜಿಲೆಟಿನ್ ಪದರ) ಸಿ-41ರ 37.8 ಡಿಗ್ರಿ ಬಿಸಿಯನ್ನು ತಾಳದೆ ಕಿತ್ತುಬರಬಹುದು, ಹಾಗಾಗಿ ಅದನ್ನು ಊರಿನ ಕಲರ್ ಲ್ಯಾಬಿಗೆ ಕೊಡಬಾರದು. ಕೊಡಾಕ್ರೋಮ್ ಸಿಕ್ಕಿದರೆ ಅದರ ಬಣ್ಣದ ಆಸೆಯನ್ನು ಬಿಡಬೇಕು. ಅದನ್ನು ಡೆವಲಪ್ ಮಾಡುತ್ತಿದ್ದ ಕೊನೆಯ ಲ್ಯಾಬು, ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಾರ್ಸನ್ಸ್ ಊರಿನದು, 2010ರ ಡಿಸೆಂಬರ್ 30ರ ನಂತರ ರೋಲುಗಳನ್ನು ತೆಗೆದುಕೊಳ್ಳಲಿಲ್ಲ. ಈಗ ಅದರಿಂದ ಕಪ್ಪು-ಬಿಳುಪು ಚಿತ್ರವನ್ನಷ್ಟೇ ಪಡೆಯಬಹುದು, ಅದೂ ಹಿಂಬದಿಯ ಕಪ್ಪು ಇಂಗಾಲದ ಲೇಪವನ್ನು ತೆಗೆಯಬಲ್ಲವರ ಕೈಯಲ್ಲಿ.

ನಮ್ಮ ಕಡೆಯ ಹಳೆಯ ಪೆಟ್ಟಿಗೆಗಳಲ್ಲಿ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ತಯಾರಿಸುತ್ತಿದ್ದ ಇಂದು ಫಿಲ್ಮೂ ಪೂರ್ವ ಜರ್ಮನಿಯ ಓರ್ವೋ ಫಿಲ್ಮೂ ಸಿಗುವುದುಂಟು. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ III ಕ್ಯಾಮೆರಾದೊಳಗೇ ಉಳಿದುಹೋದ 120 ರೋಲೂ (ಹಿಂಬದಿಗೆ ಕಾಗದ ಇರುವ ಅಗಲ ಫಿಲ್ಮು) ಇರಬಹುದು, ಆದ್ದರಿಂದ ಹಳೆಯ ಕ್ಯಾಮೆರಾದ ಹಿಂಬಾಗಿಲನ್ನು ಬೆಳಕಿನಲ್ಲಿ ತೆರೆಯಬೇಡಿ. ಓರ್ವೋ ಹೆಸರಿನಲ್ಲಿರುವ ಸಂಖ್ಯೆ ಫಿಲ್ಮಿನ ವೇಗವನ್ನು (ಬೆಳಕಿಗೆ ಸ್ಪಂದಿಸುವ ಚುರುಕನ್ನು) ಹೇಳುವ ಡಿನ್ ಎಂಬ ಜರ್ಮನ್ ಮಾನದ್ದು: ಎನ್‌ಪಿ 22 ಎಂದರೆ 125 ಎಎಸ್ಎ, ಎನ್‌ಪಿ 27 ಎಂದರೆ 400.

ಬೇರ್ಪಡಿಸಿದ ಮೇಲೆ ಪ್ರತಿ ಬಗೆಯಲ್ಲೂ ನಿಮಗೆ ಅತ್ಯಂತ ಕಡಿಮೆ ಬೆಲೆಯ ರೋಲನ್ನು ಮುಂದೆ ಇಡಿ. ಮದುವೆಯ ರೋಲು, ತೀರಿಕೊಂಡವರ ಮುಖವಿರುವ ರೋಲು, ಮತ್ತೆ ಸಿಗದ ಯಾವುದೇ ರೋಲು ಸಾಲಿನ ಕೊನೆಗೆ ಹೋಗಲಿ.

ಡೆವಲಪರ್ ಮತ್ತು ಹೈಪೊ ಜೀವಂತವಾಗಿವೆಯೇ ಎಂಬ ಅನುಮಾನ

ಬೆಳಕು ಬಿದ್ದು ಹಾಳಾದ ಫಿಲ್ಮಿನ ಎರಡು ತುಂಡು ಸಾಕು. ಹಗಲು ಬೆಳಕಿನಲ್ಲೇ ಒಂದು ತುಂಡನ್ನು ಡೆವಲಪರಿಗೆ ಹಾಕಿ, ನೀವು ಕೊಡಲಿರುವಷ್ಟೇ ಹೊತ್ತು ಬಿಡಿ. ಅದು ಬೆಳಕು ತೂರದಷ್ಟು ಕಪ್ಪಾಗಬೇಕು. ಬೂದು ಬಣ್ಣದಲ್ಲೇ ನಿಂತರೆ ಡೆವಲಪರನ್ನು ಚೆಲ್ಲಿ. ಎರಡನೆಯ ತುಂಡನ್ನು ನೇರವಾಗಿ ಹೈಪೊಗೆ ಹಾಕಿ, ಅದು ಗಾಜಿನಂತೆ ತಿಳಿಯಾಗಲು ಹಿಡಿಯುವ ಸಮಯವನ್ನು ಗಡಿಯಾರದಲ್ಲಿ ನೋಡಿ ಬರೆದಿಡಿ. ಹೊಸ ದ್ರಾವಣದಲ್ಲಿ ಹಿಡಿದ ಸಮಯಕ್ಕಿಂತ ಎರಡರಷ್ಟಾದರೆ ಆ ಹೈಪೊ ದಣಿದಿದೆ ಎಂದೇ ಅರ್ಥ. ಎಷ್ಟು ರೋಲು ಆಯಿತೆಂದು ಲೆಕ್ಕ ಇಡುವುದಕ್ಕಿಂತ ಈ ಪರೀಕ್ಷೆಯನ್ನು ಪ್ರತಿ ಸಲ ಮಾಡುವುದು ಮೇಲು.

ಡೆವಲಪರಿನ ಬಣ್ಣವನ್ನು ಮಾತ್ರ ನೋಡಿ ತೀರ್ಮಾನಿಸಬಾರದು. ಡಿ-76 ಎಂಬ ಡೆವಲಪರ್ ಕಂದು ಬಣ್ಣಕ್ಕೆ ತಿರುಗಿದರೆ ಅದರ ಕಾಲ ಮುಗಿಯಿತು; ಆದರೆ ರೋಡಿನಾಲ್ ಕಂದಾದ ಮೇಲೂ ಚೆನ್ನಾಗಿ ಕೆಲಸ ಮಾಡುತ್ತದೆ, ಎಕ್ಸ್‌ಟಾಲ್ ಬಗೆಯವು ತಿಳಿಯಾಗಿ ಕಾಣುತ್ತಲೇ ಸತ್ತಿರಬಹುದು. ಡಿ-76 ಮೂಲ ದ್ರಾವಣ ತುಂಬಿ ಮುಚ್ಚಿದ ಬಾಟಲಿಯಲ್ಲಿ ಸುಮಾರು 6 ತಿಂಗಳು, ಅರ್ಧ ತುಂಬಿದ ಬಾಟಲಿಯಲ್ಲಿ 2 ತಿಂಗಳು ಬಾಳುತ್ತದೆ. ರಾಶಿ ಮುಗಿಸುವಾಗ ಅದನ್ನು 1:1 ಮಾಡಿ (ಸಮಪಾಲು ನೀರು ಸೇರಿಸಿ) ಒಮ್ಮೆ ಬಳಸಿ ಚೆಲ್ಲುವುದೇ ಸರಿಯಾದ ದಾರಿ. ಉಳಿತಾಯಕ್ಕೆಂದು ಅದೇ ದ್ರಾವಣವನ್ನು ಮತ್ತೆ ಮತ್ತೆ ಬಳಸಿದರೆ ಹಿಂದಿನ ರೋಲಿಗಿಂತ ಮುಂದಿನದು ತೆಳುವಾಗುತ್ತ ಹೋಗುತ್ತದೆ, ಮತ್ತು ಆ ಇಳಿಕೆ ಎಲ್ಲಿಂದ ಶುರುವಾಯಿತೆಂದು ಹುಡುಕುವುದು ಕಷ್ಟ.

ಫಿಲ್ಮ್ ಸ್ಪೈರಲ್‌ಗೆ ಏರುತ್ತಿಲ್ಲ, ನಡುವೆ ಸಿಕ್ಕಿಕೊಳ್ಳುತ್ತದೆ

ಸ್ಪೈರಲ್ ಎಂದರೆ ಟ್ಯಾಂಕಿನೊಳಗೆ ಫಿಲ್ಮನ್ನು ಸುತ್ತಿಡುವ ಚಕ್ರ. ಫಿಲ್ಮು ಸಿಕ್ಕಿಕೊಳ್ಳಲು ಬಹುಮಟ್ಟಿಗೆ ಕಾರಣ ತೇವ. ಒಂದು ರೋಲು ಮುಗಿದ ಕೂಡಲೇ ಅದೇ ಪ್ಲಾಸ್ಟಿಕ್ ಸ್ಪೈರಲ್‌ಗೆ ಮುಂದಿನದನ್ನು ತುಂಬಲು ಹೊರಟರೆ ಒಳಗಿನ ಪುಟ್ಟ ಗುಂಡುಗಳಿಗೂ ಫಿಲ್ಮು ಸಾಗುವ ಸೀಳುಗಳಿಗೂ ಅಂಟಿದ ಒಂದೆರಡು ಹನಿ ನೀರೇ ಫಿಲ್ಮನ್ನು ಹಿಡಿದು ನಿಲ್ಲಿಸುತ್ತದೆ. ಎರಡು ಮೂರು ಸ್ಪೈರಲ್ ಇಟ್ಟುಕೊಂಡು, ಒಂದು ಪೂರ್ತಿ ಒಣಗುವವರೆಗೆ ಇನ್ನೊಂದನ್ನು ಬಳಸಿ. ಚೇಂಜಿಂಗ್ ಬ್ಯಾಗಿನೊಳಗೆ (ಕೈ ತೂರಿಸಿ ಫಿಲ್ಮ್ ತುಂಬುವ, ಬೆಳಕು ತೂರದ ಚೀಲ) ಕೈ ಬೆವರುವುದರಿಂದಲೂ ಇದೇ ತೊಂದರೆ ಬರುತ್ತದೆ. ಕರಾವಳಿಯ ಸೆಕೆಯಲ್ಲಿ ರಾತ್ರಿ, ಫ್ಯಾನಿನಡಿ ಕೈ ಆರಿಸಿಕೊಂಡು ತುಂಬುವುದು ಒಳ್ಳೆಯದು. ಸ್ಪೈರಲ್‌ನಲ್ಲಿ ವೆಟಿಂಗ್ ಏಜೆಂಟಿನ (ಒಣಗುವಾಗ ನೀರು ಹನಿಗಟ್ಟದಂತೆ ಕೊನೆಯ ಅದ್ದಿಗೆ ಹಾಕುವ ದ್ರವ) ಅಂಟು ಉಳಿದಿದ್ದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಸಿನೀರಿನಲ್ಲಿ ಉಜ್ಜಿ.

ದಶಕಗಳ ಕಾಲ ಸುತ್ತಿಕೊಂಡೇ ಇದ್ದ ಫಿಲ್ಮು ಬಿಗಿಯಾಗಿ ಸುರುಳಿ ಸುತ್ತುತ್ತದೆ. ಅದರ ತುದಿಯ ಎರಡು ಮೂಲೆಗಳನ್ನು ಕತ್ತರಿಯಿಂದ ಸ್ವಲ್ಪ ದುಂಡಗೆ ಮಾಡಿದರೆ ಹಾದಿ ಸುಗಮವಾಗುತ್ತದೆ. ಬಲವಂತ ಬೇಡ. ಸಿಕ್ಕಿಕೊಂಡರೆ ಸ್ಪೈರಲ್ ಸಮೇತ ಟ್ಯಾಂಕಿನೊಳಗಿಟ್ಟು ಮುಚ್ಚಳ ಹಾಕಿ, ದೀಪ ಹಚ್ಚಿ, ಉಸಿರು ತೆಗೆದುಕೊಂಡು ಬೇರೊಂದು ಒಣ ಸ್ಪೈರಲ್ ತನ್ನಿ.

ಫಿಲ್ಮ್ ಪೂರ್ತಿ ತಿಳಿಯಾಗಿದೆ, ಚಿತ್ರವಿಲ್ಲ

ಅಂಚನ್ನು ನೋಡಿ. ಸಂಖ್ಯೆಗಳು ಸ್ಪಷ್ಟವಾಗಿದ್ದರೆ ನಿಮ್ಮ ಡೆವಲಪರಿನ ದೋಷವಲ್ಲ. ಫಿಲ್ಮಿಗೆ ಬೆಳಕೇ ಬಿದ್ದಿಲ್ಲ. ಕ್ಯಾಮೆರಾದಲ್ಲಿ ಹಲ್ಲಿಗೆ ಸಿಗದೆ ಫಿಲ್ಮು ಓಡದೆ ಇದ್ದಿರಬಹುದು, ಅಥವಾ ಬಳಸದ ರೋಲೇ ಬಳಸಿದವುಗಳ ಜತೆ ಸೇರಿಕೊಂಡಿರಬಹುದು. ಈ ರೋಲಿನಿಂದ ಏನೂ ಸಿಗದಿದ್ದರೂ ನಿಮ್ಮ ರಸಾಯನ ಸರಿಯಿದೆ ಎಂಬುದಕ್ಕೆ ಇದೇ ಪುರಾವೆ, ಮುಂದುವರಿಯಬಹುದು.

ಸಂಖ್ಯೆಗಳೂ ಇಲ್ಲದಿದ್ದರೆ ತಕ್ಷಣ ನಿಲ್ಲಿಸಿ. ಒಂದೋ ಡೆವಲಪರ್ ಸಂಪೂರ್ಣ ಸತ್ತಿದೆ, ಇಲ್ಲವೇ ಹೈಪೊವನ್ನೇ ಮೊದಲು ಸುರಿದಿದ್ದೀರಿ. ಹೈಪೊ ಮೊದಲು ಬಿದ್ದರೆ ಅಡಗಿದ ಚಿತ್ರವೂ ಬೆಳ್ಳಿಯೊಂದಿಗೆ ಕರಗಿಹೋಗುತ್ತದೆ. ಅದನ್ನು ಮರಳಿ ತರುವ ಉಪಾಯವಿಲ್ಲ. ಬಾಟಲಿಗಳ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದು, ಬಳಸುವ ಕ್ರಮದಲ್ಲೇ ಎಡದಿಂದ ಬಲಕ್ಕೆ ಜೋಡಿಸಿಡುವುದು ಇದಕ್ಕೆ ತಡೆ. ದಣಿವಾದಾಗಲೇ ಈ ತಪ್ಪು ಆಗುವುದರಿಂದ ಸಂಜೆಯ ಕೊನೆಯ ರೋಲಿನ ಆಸೆಯನ್ನು ಮರುದಿನಕ್ಕೆ ಬಿಡುವುದು ಲೇಸು. ಒಂದು ಎಚ್ಚರಿಕೆ: ಸಿನಿಮಾ ಫಿಲ್ಮಿನಿಂದ ಕತ್ತರಿಸಿ ತುಂಬಿದ ರೋಲುಗಳಲ್ಲಿ ಅಂಚಿನ ಗುರುತುಗಳು ವಾಡಿಕೆಯಂತೆ ಇರುವುದಿಲ್ಲ, ಆದ್ದರಿಂದ ಅಲ್ಲಿ ಹಾಳು ತುಂಡಿನ ಪರೀಕ್ಷೆಯನ್ನೇ ನಂಬಬೇಕು.

ಫಿಲ್ಮ್ ಪೂರ್ತಿ ಕಪ್ಪು, ಅಥವಾ ಒಂದು ಬದಿಯಿಂದ ಕಪ್ಪು ಹರಿದಿದೆ

ಬೆಳಕು ಒಳಹೊಕ್ಕಿದೆ. ಕಪ್ಪು ಎಲ್ಲಿದೆ ಎಂಬುದರಿಂದ ಬೆಳಕು ಎಲ್ಲಿ ಬಂತೆಂದು ತಿಳಿಯಬಹುದು. ಚೌಕಟ್ಟುಗಳ ನಡುವಿನ ಜಾಗವೂ ಅಂಚೂ ಸೇರಿ ಇಡೀ ಫಿಲ್ಮು ಕಪ್ಪಾಗಿದ್ದರೆ ತುಂಬುವಾಗ ಅಥವಾ ಟ್ಯಾಂಕಿನಲ್ಲಿ ಬೆಳಕು ಬಿದ್ದಿದೆ. ಚೌಕಟ್ಟಿನೊಳಗೆ ಮಾತ್ರ ಕಪ್ಪಾಗಿದ್ದು ಅಂಚು ತಿಳಿಯಾಗಿದ್ದರೆ ಅದು ಕ್ಯಾಮೆರಾದಲ್ಲಿ ಅತಿ ಬೆಳಕು ಬಿದ್ದದ್ದು. 120 ರೋಲಿನ ಎರಡೂ ಬದಿಯಿಂದ ಕಪ್ಪು ಒಳಬಂದಿದ್ದರೆ ರೋಲಿನ ಕಾಗದ ಸಡಿಲವಾಗಿತ್ತು.

ಕೋಣೆಯ ಪರೀಕ್ಷೆಗೆ ಖರ್ಚಿಲ್ಲ. ಹಗಲಿನಲ್ಲಿ ಬಾಗಿಲು ಹಾಕಿ ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಬಾಗಿಲ ಕೆಳಗಿನ ಸಂದು, ಎಕ್ಸಾಸ್ಟ್ ಫ್ಯಾನಿನ ಕಿಂಡಿ, ಗೀಸರಿನ ಸೂಚಕ ದೀಪ ಎಲ್ಲವೂ ತಾವಾಗಿ ಕಾಣುತ್ತವೆ. ಫೋನನ್ನು ಹೊರಗಿಡಿ. ಕೆಂಪು ದೀಪದ ಬಗ್ಗೆ ಇರುವ ತಪ್ಪು ತಿಳಿವಳಿಕೆಯನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿದೆ: ಕೆಂಪು ದೀಪ ಪ್ರಿಂಟ್ ಹಾಕುವ ಕಾಗದಕ್ಕೆ. ಇಂದಿನ ಸಾಧಾರಣ ಕಪ್ಪು-ಬಿಳುಪು ಫಿಲ್ಮುಗಳು ಎಲ್ಲ ಬಣ್ಣದ ಬೆಳಕಿಗೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಬಗೆಯವು, ಅವುಗಳನ್ನು ಪೂರ್ಣ ಕತ್ತಲಿನಲ್ಲೇ ತೆರೆಯಬೇಕು. ಕೋಣೆ ಸರಿಯಿದ್ದರೆ ಟ್ಯಾಂಕಿನ ನಡುವಿನ ಕೊಳವೆಯನ್ನು ನೋಡಿ. ಅದನ್ನು ಹಾಕಲು ಮರೆತರೆ ಮುಚ್ಚಳವಿದ್ದರೂ ಬೆಳಕು ಒಳಗಿಳಿಯುತ್ತದೆ.

ಚಿತ್ರವಿದೆ, ಆದರೆ ತೆಳುವಾಗಿದೆ

ಅಂಚಿನ ಸಂಖ್ಯೆ ಗಟ್ಟಿ ಕಪ್ಪಾಗಿದ್ದು ಚಿತ್ರದ ನೆರಳಿನ ಭಾಗ ಮಾತ್ರ ಖಾಲಿ ಇದ್ದರೆ ಚಿತ್ರ ತೆಗೆಯುವಾಗ ಬೆಳಕು ಕಡಿಮೆಯಾಗಿದೆ. ಇನ್ನಷ್ಟು ಡೆವಲಪ್ ಮಾಡಿದ್ದರೂ ಬೆಳಕೇ ಬೀಳದ ನೆರಳು ಮೂಡುತ್ತಿರಲಿಲ್ಲ. ಅಂಚಿನ ಸಂಖ್ಯೆಯೂ ಮಾಸಲಾಗಿ, ಚಿತ್ರದ ಬೆಳಕಿನ ಭಾಗಗಳೂ ಬೂದಾಗಿಯೇ ಇದ್ದರೆ ಡೆವಲಪ್ ಸಾಲದಾಗಿದೆ.

ಆಗ ಮೊದಲು ಸಮಯವನ್ನೂ ದುರ್ಬಲಗೊಳಿಸಿದ ಪ್ರಮಾಣವನ್ನೂ ತಾಳೆ ನೋಡಿ. ಟ್ರೈ-ಎಕ್ಸ್ 400 ಫಿಲ್ಮಿಗೆ 20 ಡಿಗ್ರಿಯಲ್ಲಿ ಡಿ-76 ಮೂಲ ದ್ರಾವಣದಲ್ಲಿ ಆರೂಮುಕ್ಕಾಲು ನಿಮಿಷ, 1:1ರಲ್ಲಿ ಒಂಬತ್ತೂಮುಕ್ಕಾಲು ನಿಮಿಷ. ಎಚ್‌ಪಿ5 ಪ್ಲಸ್‌ಗೆ ಐಡಿ-11 ಡೆವಲಪರಿನಲ್ಲಿ ಕ್ರಮವಾಗಿ ಏಳೂವರೆ ಮತ್ತು 13 ನಿಮಿಷ. ಒಂದರ ಸಮಯವನ್ನು ಇನ್ನೊಂದರ ಪ್ರಮಾಣಕ್ಕೆ ಕೊಟ್ಟರೆ ಫಿಲ್ಮು ತೆಳುವಾಗಲೇಬೇಕು. ನಂತರ ಥರ್ಮಾಮೀಟರ್. ಅಗ್ಗದ ಡಿಜಿಟಲ್ ಥರ್ಮಾಮೀಟರುಗಳು ಒಂದೆರಡು ಡಿಗ್ರಿ ತಪ್ಪು ತೋರಿಸುವುದು ಅಪರೂಪವಲ್ಲ, ಆದ್ದರಿಂದ ಎರಡನ್ನು ಒಂದೇ ಲೋಟದಲ್ಲಿಟ್ಟು ಹೋಲಿಸಿ.

ಮನೆಯಲ್ಲೇ ಡಿ-76 ಕೂಡಿಸುವವರು ಇನ್ನೊಂದು ಕಾರಣವನ್ನು ನೋಡಬೇಕು. ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೊಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ ಎಂಬುದು ಅದರ ಪಾಕ. ಮೆಟಾಲ್ ಗಾಢವಾದ ಸಲ್ಫೈಟ್ ದ್ರಾವಣದಲ್ಲಿ ಸುಲಭವಾಗಿ ಕರಗುವುದಿಲ್ಲ. ಹಾಗಾಗಿ ಸುಮಾರು 50 ಡಿಗ್ರಿ ಬಿಸಿನೀರಿಗೆ ಒಂದು ಚಿಟಿಕೆ ಸಲ್ಫೈಟ್ ಹಾಕಿ, ಮೆಟಾಲ್ ಪೂರ್ತಿ ಕರಗಿಸಿ, ಆಮೇಲೆ ಉಳಿದ ಸಲ್ಫೈಟನ್ನು ಹಾಕಬೇಕು. ಈ ಕ್ರಮ ತಪ್ಪಿದರೆ ತಳದಲ್ಲಿ ಪುಡಿ ಉಳಿದು ಡೆವಲಪರ್ ಬಲಹೀನವಾಗುತ್ತದೆ. ಬೋರಾಕ್ಸ್ ಬಿಟ್ಟುಹೋದರೂ ಕೆಲಸ ನಿಧಾನವಾಗುತ್ತದೆ. ಅಡುಗೆಮನೆಯ ತಕ್ಕಡಿ 2 ಗ್ರಾಂ ತೂಗಲು ಸಾಲದು, ಚಿನ್ನ ತೂಗುವಂಥ ಸಣ್ಣ ತಕ್ಕಡಿ ಬೇಕು.

ಇಡೀ ಫಿಲ್ಮಿನ ಮೇಲೆ ಬೂದು ಮುಸುಕು

ಕೂಡಿಬಿದ್ದ ರೋಲುಗಳ ನಿಜವಾದ ಕಾಯಿಲೆ ಇದು. ಬಿಸಿಲಿನ ತಾಪ, ತೇವ, ಮತ್ತು ಭೂಮಿಯ ಮೇಲೆ ಸದಾ ಇರುವ ಸಹಜ ವಿಕಿರಣ ಸೇರಿ ಬೆಳಕು ಬೀಳದ ಕಣಗಳನ್ನೂ ನಿಧಾನವಾಗಿ ಡೆವಲಪ್ ಆಗುವ ಸ್ಥಿತಿಗೆ ತರುತ್ತವೆ. ಇದೇ ಹೊತ್ತಿಗೆ, ಬೆಳಕು ಬಿದ್ದು ಅಡಗಿ ಕುಳಿತ ಚಿತ್ರ ಮಾಸುತ್ತಲೂ ಹೋಗುತ್ತದೆ. ಒಂದು ಕಡೆ ಮುಸುಕು ಏರುತ್ತ, ಇನ್ನೊಂದು ಕಡೆ ಚಿತ್ರ ಇಳಿಯುತ್ತ, ಎರಡರ ನಡುವಿನ ಅಂತರ ಕಿರಿದಾಗುತ್ತದೆ. ವೇಗದ ಫಿಲ್ಮಿಗೆ ಮುಸುಕು ಬೇಗ ಹತ್ತುತ್ತದೆ. 400ರ ಫಿಲ್ಮಿಗಿಂತ 100ರದ್ದು ಹೆಚ್ಚು ಕಾಲ ತಾಳುತ್ತದೆ. ಚಿತ್ರ ಮಾಸುವ ವಿಷಯ ಬೇರೆ: ಪ್ಯಾನ್ ಎಫ್ ಪ್ಲಸ್ ನಿಧಾನದ ಫಿಲ್ಮಾದರೂ ಅದರ ಅಡಗಿದ ಚಿತ್ರ ಬೇಗ ಮಾಸುವುದರಿಂದ, ತೆಗೆದ 3 ತಿಂಗಳೊಳಗೆ ಡೆವಲಪ್ ಮಾಡಬೇಕೆಂದು ಇಲ್ಫರ್ಡ್ ಸಂಸ್ಥೆಯೇ ಹೇಳುತ್ತದೆ. ನಿಮ್ಮ ರಾಶಿಯಲ್ಲಿ ಅದಿದ್ದರೆ ಅದಕ್ಕೇ ಮೊದಲ ಸರದಿ.

ಹಾಗೆಂದು ಎದೆಗುಂದಬೇಕಿಲ್ಲ. ಅಮೆರಿಕದ ಛಾಯಾಗ್ರಾಹಕ ಗ್ಯಾರಿ ವಿನೊಗ್ರ್ಯಾಂಡ್ 1984ರಲ್ಲಿ ತೀರಿಕೊಂಡಾಗ ಸುಮಾರು 2,500 ರೋಲುಗಳು ಡೆವಲಪ್ ಆಗದೆ ಉಳಿದಿದ್ದವು. ಅವು ಅವರ ನಂತರ ಡೆವಲಪ್ ಆದವು, ಚಿತ್ರಗಳು ಸಿಕ್ಕವು. ಕೆಲವು ವರ್ಷ ತಂಪಾಗಿ, ಒಣಗಿದ ಜಾಗದಲ್ಲಿದ್ದ ಮಧ್ಯಮ ವೇಗದ ಫಿಲ್ಮು ಬಹುತೇಕ ಹೊಸದರಂತೆಯೇ ಬರುತ್ತದೆ. ಕಲಬುರಗಿಯ ಬೇಸಿಗೆಯನ್ನು ತಗಡಿನ ಅಟ್ಟದಲ್ಲಿ ಕಳೆದ ರೋಲಿನಿಂದ ಅಷ್ಟನ್ನು ನಿರೀಕ್ಷಿಸಲಾಗದು.

ಮುಸುಕನ್ನು ಎದುರಿಸುವ ದಾರಿಗಳಲ್ಲಿ ಸುಲಭವಾದದ್ದು ತುಣುಕು ಪರೀಕ್ಷೆ. ಕತ್ತಲಲ್ಲಿ ರೋಲಿನ ತುದಿಯಿಂದ ಒಂದು ಗೇಣಿನಷ್ಟನ್ನು ಕತ್ತರಿಸಿ, ಅದನ್ನೊಂದೇ ಡೆವಲಪ್ ಮಾಡಿ ನೋಡಿ, ಉಳಿದದ್ದನ್ನು ಬೆಳಕು ತೂರದ ಡಬ್ಬಿಯಲ್ಲಿಡಿ. ಹೆಚ್ಚೆಂದರೆ ಎರಡು ಮೂರು ಚೌಕಟ್ಟು ಹೋಗುತ್ತವೆ, ಉಳಿದ ಮೂವತ್ತಕ್ಕೂ ಹೆಚ್ಚು ಉಳಿಯುತ್ತವೆ. ಮುಸುಕು ಹೆಚ್ಚಿದ್ದು ಚಿತ್ರವೂ ಕಾಣುತ್ತಿದ್ದರೆ ಸಮಯ ಹೆಚ್ಚಿಸಲು ಹೋಗಬೇಡಿ, ಏಕೆಂದರೆ ಹಳೆಯ ಫಿಲ್ಮಿನಲ್ಲಿ ಹೆಚ್ಚುವರಿ ನಿಮಿಷಗಳು ಚಿತ್ರಕ್ಕಿಂತ ಮುಸುಕನ್ನೇ ಬೆಳೆಸುವುದುಂಟು. ಡೆವಲಪರನ್ನು ಬದಲಿಸುವುದು ಅದಕ್ಕಿಂತ ಫಲಕಾರಿ: ಎಚ್‌ಸಿ-110ನ್ನು 1 ಪಾಲಿಗೆ 31 ಪಾಲು ನೀರು ಸೇರಿಸಿ ಬಳಸಿದರೆ ಮುಸುಕು ಕಡಿಮೆ. ಅದೂ ಸಾಲದಿದ್ದರೆ ಲೀಟರ್ ಡೆವಲಪರಿಗೆ ಬೆಂಜೊಟ್ರಯಜೋಲಿನ 1 ಶೇಕಡಾ ದ್ರಾವಣವನ್ನು 5ರಿಂದ 10 ಮಿಲಿ ಲೀಟರ್ ಹಾಕಿ ಇನ್ನೊಂದು ತುಣುಕಿನಲ್ಲಿ ನೋಡಿ. ಅದು ಮುಸುಕನ್ನು ತಡೆಯುತ್ತದೆ, ಫಿಲ್ಮಿನ ವೇಗವನ್ನೂ ಕೊಂಚ ಇಳಿಸುತ್ತದೆ. ಎರಡು ತುಣುಕಿನಲ್ಲೂ ಮುಸುಕಿನ ಹಿಂದೆ ಏನೂ ಕಾಣದಿದ್ದರೆ ಉಳಿದ ರೋಲನ್ನು ಮುಟ್ಟದೆ ಹಳೆಯ ಫಿಲ್ಮಿಗೇ ಮೀಸಲಾದ ಲ್ಯಾಬಿಗೆ ಒಪ್ಪಿಸಿ.

120 ರೋಲಿನಲ್ಲಿ ಮುಸುಕಿನ ಜತೆ ಸಂಖ್ಯೆಗಳೂ ಚುಕ್ಕೆಗಳೂ ಆಕಾಶದ ಮೇಲೆ ಮೂಡಿದ್ದರೆ ಅದು ತೇವದಿಂದಾಗಿ ಹಿಂಬದಿಯ ಕಾಗದದ ಶಾಯಿ ಎಮಲ್ಷನ್ನಿಗೆ ತಾಗಿದ್ದು. ಮಲೆನಾಡಿನ ಮಳೆಗಾಲ ಕಂಡ ರೋಲುಗಳಲ್ಲಿ ಬೂಷ್ಟಿನ ಕಲೆಯೂ ಇರಬಹುದು. ಎರಡಕ್ಕೂ ಡಾರ್ಕ್‌ರೂಮಿನಲ್ಲಿ ಮದ್ದಿಲ್ಲ.

ಹಾಲಿನಂಥ ಮಬ್ಬು, ಅಥವಾ ನೇರಳೆ ಛಾಯೆ

ಇದು ಕಂಡರೆ ನೆಮ್ಮದಿಯಾಗಿರಿ, ಬಹುಪಾಲು ಸರಿಪಡಿಸಬಹುದಾದ ದೋಷ. ಹಾಲಿನಂಥ ಮಬ್ಬೆಂದರೆ ಫಿಕ್ಸ್ ಪೂರ್ತಿಯಾಗಿಲ್ಲ. ಕರಗಬೇಕಾದ ಬೆಳ್ಳಿಯ ಲವಣ ಇನ್ನೂ ಉಳಿದಿದೆ. ಹೊಸ ಹೈಪೊದಲ್ಲಿ ಮತ್ತೆ ಮುಳುಗಿಸಿ, ತಿಳಿಯಾಗಲು ಹಿಡಿದ ಸಮಯದ ಎರಡರಷ್ಟು ಬಿಡಿ. ಟಿ-ಮ್ಯಾಕ್ಸ್, ಡೆಲ್ಟಾ ಬಗೆಯ ಫಿಲ್ಮುಗಳಿಗೆ ಮೂರರಷ್ಟು ಬೇಕು, ಅವು ಹೈಪೊವನ್ನೂ ಬೇಗ ದಣಿಸುತ್ತವೆ. ನೇರಳೆ ಅಥವಾ ಗುಲಾಬಿ ಛಾಯೆ ಫಿಲ್ಮಿನಲ್ಲಿರುವ ಬಣ್ಣದ ಉಳಿಕೆ. ಇನ್ನಷ್ಟು ತೊಳೆದರೆ ಕಡಿಮೆಯಾಗುತ್ತದೆ. ತೊಳೆಯಲು ನೀರು ಕಡಿಮೆಯಿರುವ ಊರಿನಲ್ಲಿ, ಹಾರ್ಡನರ್ (ಎಮಲ್ಷನ್ನನ್ನು ಗಟ್ಟಿಗೊಳಿಸುವ ರಾಸಾಯನಿಕ) ಇಲ್ಲದ ಫಿಕ್ಸರ್, ಎಂದರೆ ಹೈಪೊ, ಬಳಸಿದ್ದರೆ, ಟ್ಯಾಂಕಿಗೆ ನೀರು ತುಂಬಿ 5 ಸಲ ತಿರುವಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಮತ್ತೆ 20 ಸಲ ಮಾಡಿದರೆ ಸಾಕಾಗುತ್ತದೆ.

ಹೈಪೊ ದ್ರಾವಣವೇ ಹಾಲಿನಂತಾಗಿ ಗಂಧಕದ ವಾಸನೆ ಬರುತ್ತಿದ್ದರೆ ಅದಕ್ಕೆ ಆಮ್ಲ ನೇರವಾಗಿ ಬಿದ್ದಿದೆ. ಮೂಗು ಉರಿಸುವ ಸಲ್ಫರ್ ಡೈಆಕ್ಸೈಡ್ ಕೂಡ ಹೊರಡುವುದರಿಂದ ಕಿಟಕಿ ತೆರೆದು ಹೊರಬನ್ನಿ, ಗಾಳಿಯಾಡಿದ ಮೇಲೆ ಅದನ್ನು ವಿಲೇವಾರಿ ಮಾಡಿ. ಆಸ್ತಮಾ ಇರುವವರು ಇದನ್ನು ಲಘುವಾಗಿ ಕಾಣಬಾರದು.

ಅಲ್ಲಲ್ಲಿ ಗುರುತುಗಳು

ಉಗುರಿನಾಕಾರದ ಕಪ್ಪು ಅರ್ಧಚಂದ್ರ ತುಂಬುವಾಗ ಫಿಲ್ಮು ಮಡಚಿದ್ದರ ಗುರುತು. ಸಣ್ಣ ದುಂಡು ತಿಳಿ ಚುಕ್ಕೆಗಳು ಗಾಳಿಗುಳ್ಳೆಗಳು ಅಂಟಿದ್ದ ಜಾಗ. ಡೆವಲಪರ್ ಸುರಿದ ಕೂಡಲೇ ಟ್ಯಾಂಕಿನ ತಳವನ್ನು ಮೇಜಿಗೆ ಎರಡು ಮೂರು ಸಲ ತಟ್ಟಿದರೆ ಅವು ಬಿಟ್ಟುಕೊಳ್ಳುತ್ತವೆ. ಅಂಚಿನ ತೂತುಗಳಿಂದ ಒಳಕ್ಕೆ ಹರಿದ ಪಟ್ಟೆಗಳು ಟ್ಯಾಂಕನ್ನು ಅತಿಯಾಗಿ, ಒಂದೇ ರೀತಿಯಲ್ಲಿ ಕುಲುಕಿದ್ದರಿಂದ ಬರುತ್ತವೆ. ಫಿಲ್ಮಿನ ಉದ್ದಕ್ಕೂ ಒಂದು ಬದಿ ಮಾತ್ರ ತೆಳುವಾಗಿದ್ದರೆ ದ್ರಾವಣ ಸಾಲದೆ ಸ್ಪೈರಲ್‌ನ ಮೇಲಂಚು ಮುಳುಗಿಲ್ಲ. ಸಾಮಾನ್ಯ ಪ್ಲಾಸ್ಟಿಕ್ ಟ್ಯಾಂಕಿಗೆ 35 ಮಿಮೀ ಫಿಲ್ಮೊಂದಕ್ಕೆ ಸುಮಾರು 300, 120 ಫಿಲ್ಮಿಗೆ 500 ಮಿಲಿ ಲೀಟರ್ ಬೇಕು, ಖಚಿತ ಅಳತೆ ಟ್ಯಾಂಕಿನ ತಳದಲ್ಲಿ ಬರೆದಿರುತ್ತದೆ. ದೊಡ್ಡ ಮಬ್ಬು ತೇಪೆಗಳು ಫಿಲ್ಮಿನ ಎರಡು ಸುತ್ತುಗಳು ಅಂಟಿಕೊಂಡ ಜಾಗ. ಮತ್ತೆ ಫಿಕ್ಸ್ ಮಾಡಿದರೆ ತೇಪೆ ತಿಳಿಯಾಗುತ್ತದೆ, ಅಲ್ಲಿನ ಚಿತ್ರ ಬರುವುದಿಲ್ಲ.

ಎಮಲ್ಷನ್ ಸುಕ್ಕುಗಟ್ಟಿದೆ, ಬಿರುಕು ಬಿಟ್ಟಿದೆ ಅಥವಾ ಜಾರುತ್ತಿದೆ

ನಮ್ಮ ಹವೆಯಲ್ಲಿ ಇದಕ್ಕೆ ವಿಶೇಷ ಗಮನ ಬೇಕು. ಡೆವಲಪರನ್ನು ಮಂಜುಗಡ್ಡೆಯಿಂದ 20 ಡಿಗ್ರಿಗೆ ಇಳಿಸಿ, ತೊಳೆಯಲು ಮಾತ್ರ ಮಹಡಿಯ ಟ್ಯಾಂಕಿನ 32 ಡಿಗ್ರಿ ನೀರು ಬಿಟ್ಟರೆ ಜಿಲೆಟಿನ್ ಒಮ್ಮೆಲೇ ಹಿಗ್ಗಿ ಸುಕ್ಕುಗಟ್ಟುತ್ತದೆ. ಹೈಪೊ ಹರಳು ಕರಗುವಾಗ ನೀರಿನ ತಾಪವನ್ನು ಹೀರಿಕೊಳ್ಳುವುದರಿಂದ ಆಗಷ್ಟೇ ಕರಗಿಸಿದ ಹೈಪೊ ತೀರ ತಣ್ಣಗಿರುತ್ತದೆ ಎಂಬುದೂ ನೆನಪಿರಲಿ. ಡೆವಲಪರ್, ಸ್ಟಾಪ್ ಬಾತ್, ಹೈಪೊ, ತೊಳೆಯುವ ನೀರು ಎಲ್ಲವನ್ನೂ ಒಂದೇ ದೊಡ್ಡ ಟಬ್ಬಿನ ನೀರಿನಲ್ಲಿ ಗಂಟೆ ಹೊತ್ತು ಇಟ್ಟು ಒಂದೇ ತಾಪಕ್ಕೆ ತನ್ನಿ. 20 ಡಿಗ್ರಿಗೆ ತರುವುದು ಅಸಾಧ್ಯವಾದರೆ ಎಲ್ಲವನ್ನೂ 24ರಲ್ಲಿ ಇಟ್ಟು ಸಮಯ ಇಳಿಸುವುದು ಜಾಣತನ: 20 ಡಿಗ್ರಿಯ 10 ನಿಮಿಷ 24 ಡಿಗ್ರಿಯಲ್ಲಿ ಸುಮಾರು 7 ನಿಮಿಷವಾಗುತ್ತದೆ. ಸಮಯ 5 ನಿಮಿಷಕ್ಕಿಂತ ಕೆಳಗಿಳಿದರೆ ಡೆವಲಪ್ ಸಮನಾಗಿ ಆಗುವುದಿಲ್ಲ. ಆಗ ಮೂಲ ದ್ರಾವಣದ ಬದಲು 1:1 ಬಳಸಿ.

ತೀರ ಹಳೆಯ ಫಿಲ್ಮಿನ ಎಮಲ್ಷನ್ ಇಂದಿನದಕ್ಕಿಂತ ಮೆದು. ತುಣುಕು ಪರೀಕ್ಷೆಯಲ್ಲೇ ಅಂಚು ಏಳುವುದು ಕಂಡರೆ ತಾಪ ಇಳಿಸಿ, ಪೊಟ್ಯಾಷ್ ಆಲಂ ಇರುವ ಹಾರ್ಡನಿಂಗ್ ಫಿಕ್ಸರ್ ಬಳಸಿ, ಬೆರಳಿನಿಂದ ಮುಟ್ಟದೆ ತೂಗುಹಾಕಿ.

ಒಣಗಿದ ಮೇಲೆ ಬಿಳಿ ಕಲೆ ಮತ್ತು ಧೂಳು

ಕೊಳವೆಬಾವಿಯ ಗಡಸು ನೀರು ಬಿಟ್ಟುಹೋದ ಸುಣ್ಣ ಇದು. ಕಲೆ ಬಂದ ಫಿಲ್ಮನ್ನು ಉಜ್ಜದೆ ಮತ್ತೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ಕೆಲವು ಹನಿ ವೆಟಿಂಗ್ ಏಜೆಂಟ್ ಹಾಕಿದ ಡಿಸ್ಟಿಲ್ಡ್ ನೀರಿನಲ್ಲೇ ಕೊನೆಯ ಅದ್ದು ಮಾಡಿ ತೂಗುಹಾಕಿ. ಬ್ಯಾಟರಿಗೆಂದು ಮಾರುವ ನೀರು ಇದಕ್ಕೆ ಸಾಕು, ಬೆಲೆಯೂ ಕಡಿಮೆ. ಧೂಳಿಗೆ ಉಪಾಯ: ಬಿಸಿನೀರು ಬಿಟ್ಟು ಆವಿ ತುಂಬಿಸಿದ ಸ್ನಾನದ ಮನೆಯಲ್ಲಿ ಫ್ಯಾನ್ ಹಾಕದೆ ಒಣಗಿಸುವುದು.

ಎಲ್ಲಿ ನಿಲ್ಲಿಸಬೇಕು

ಒಂದೇ ದೋಷ ಎರಡು ರೋಲಿನಲ್ಲಿ ಬಂದರೆ ಕಾರಣ ಸಿಗುವವರೆಗೆ ಮೂರನೆಯದನ್ನು ಹಾಕಬೇಡಿ. ಇಷ್ಟು ವರ್ಷ ಕಾದ ರೋಲಿಗೆ ಇನ್ನೊಂದು ವಾರದಿಂದ ನಷ್ಟವಿಲ್ಲ. ಆ ವಾರ ರೋಲುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ, ಹೊರತೆಗೆದ ಮೇಲೆ ಕೆಲವು ಗಂಟೆ ಮುಚ್ಚಳ ತೆರೆಯಬೇಡಿ, ಇಲ್ಲವಾದರೆ ಫಿಲ್ಮಿನ ಮೇಲೆ ನೀರಾಡುತ್ತದೆ. 1950ರ ದಶಕಕ್ಕೂ ಹಿಂದಿನ ಫಿಲ್ಮು ಅಂಟಂಟಾಗಿ, ಕಂದಾಗಿ, ಘಾಟು ವಾಸನೆ ಬೀರುತ್ತಿದ್ದರೆ ಅದು ಬೇಗ ಬೆಂಕಿ ಹೊತ್ತುವ ನೈಟ್ರೇಟ್ ಆಗಿರಬಹುದು. ಬಿಸಿಲು, ದೀಪ, ಸಿಗರೇಟಿನಿಂದ ದೂರ, ಮನೆಯ ಹೊರಗೆ ತಂಪಾದ ಜಾಗದಲ್ಲಿಟ್ಟು ಚಿತ್ರ ಸಂರಕ್ಷಣೆ ಬಲ್ಲವರನ್ನು ಕೇಳಿ. ಕೊಡಾಕ್ರೋಮ್, ಸಿ-22, ಮತ್ತು ಮನೆಯವರಿಗೆ ಬೇರೆ ಪ್ರತಿಯೇ ಇಲ್ಲದ ಚಿತ್ರಗಳ ರೋಲುಗಳನ್ನು ಅನುಭವವಿರುವ ಲ್ಯಾಬಿಗೆ ಕೊಡುವುದೇ ಸರಿ, ಖರ್ಚಾದರೂ.

ರಾಶಿ ಮುಗಿದ ಮೇಲೆ ಉಳಿಯುವ ಬಳಸಿದ ಹೈಪೊದಲ್ಲಿ ಬೆಳ್ಳಿ ಕರಗಿರುತ್ತದೆ. ಅದನ್ನು ಗಿಡಗಳಿಗೂ ಬಾವಿಯ ಬಳಿಗೂ ಚೆಲ್ಲದೆ ಕ್ಯಾನಿನಲ್ಲಿ ಕೂಡಿಡಿ. ಎಕ್ಸ್-ರೇ ಕೇಂದ್ರಗಳಿಂದ ಹಳೆಯ ಹೈಪೊ ಕೊಂಡು ಬೆಳ್ಳಿ ತೆಗೆಯುವವರು ಅನೇಕ ಊರುಗಳಲ್ಲಿದ್ದಾರೆ, ಅವರಿಗೆ ಕೊಟ್ಟರೆ ತೆಗೆದುಕೊಳ್ಳುತ್ತಾರೆ.